ಬಡ್ಡಿ ಪಾಪ ಎಂದ ಚರ್ಚಿನ ಅಂಗಳದಲ್ಲೇ ಬ್ಯಾಂಕು ಬೆಳೆದದ್ದು ಹೇಗೆ?

ಅಂಚೆಪೆಟ್ಟಿಗೆ:

ಪಾಶ್ಚಾತ್ಯ ಸಮಾಜದ ಮೇಲೆ ಧರ್ಮದ ಪ್ರಭಾವ ಅಂದ ಕೂಡಲೇ ಎರಡು ಸಿದ್ಧ ಉತ್ತರ ಎದುರಾಗುತ್ತವೆ. ಚರ್ಚು ಎಲ್ಲವನ್ನೂ ಅದುಮಿಟ್ಟಿತ್ತು, ಅದರ ಹಿಡಿತ ಸಡಿಲಿದ ಮೇಲೆ ಯುರೋಪು ಉದ್ಧಾರವಾಯಿತು ಅನ್ನುವುದು ಒಂದು. ಪ್ರೊಟೆಸ್ಟೆಂಟರು ಬಂದು ದುಡಿಮೆಯನ್ನೇ ಪೂಜೆ ಮಾಡಿದರು, ಬಂಡವಾಳಶಾಹಿ ಹುಟ್ಟಿತು ಅನ್ನುವುದು ಇನ್ನೊಂದು. ಬಡ್ಡಿಯ ವಿಷಯಕ್ಕೆ ಬಂದರೆ ಎರಡೂ ತಾಳೆಯಾಗುತ್ತಿಲ್ಲ. ಬಡ್ಡಿ ತಿನ್ನುವುದು ಮಹಾಪಾಪ ಎಂದು ಚರ್ಚು ಶತಮಾನಗಟ್ಟಲೆ ಸಾರಿತು. ಆದರೂ ಇಟಲಿಯ ಫ್ಲಾರೆನ್ಸ್ ನಗರದ ಮೆಡಿಚಿ ಬ್ಯಾಂಕು ಶುರುವಾದದ್ದು 1397ರಲ್ಲಿ, ಪ್ರೊಟೆಸ್ಟೆಂಟ್ ಪಂಥಕ್ಕೆ ನಾಂದಿ ಹಾಡಿದ ಲೂಥರ್ ಹುಟ್ಟುವುದಕ್ಕೆ 86 ವರ್ಷ ಮೊದಲು. ಅದರ ದೊಡ್ಡ ಗಿರಾಕಿಗಳ ಸಾಲಿನಲ್ಲಿ ಪೋಪರೇ ಇದ್ದರು.

ನನ್ನ ಪ್ರಶ್ನೆಗಳು ಇಷ್ಟು. ನಿಷೇಧವಾಗಿದ್ದು ನಿಖರವಾಗಿ ಏನು, ಸಿಕ್ಕಿಬಿದ್ದರೆ ಏನಾಗುತ್ತಿತ್ತು? ಬಡ್ಡಿ ಇಲ್ಲದೆ ಬ್ಯಾಂಕಿನವರು ಗಳಿಸುತ್ತಿದ್ದದ್ದು ಹೇಗೆ? ಇದೆಲ್ಲ ಬರೀ ಕಣ್ಣೊರೆಸುವ ತಂತ್ರವೋ, ಅಥವಾ ಆ ಧರ್ಮನಿಯಮ ಇವತ್ತಿನ ವ್ಯವಹಾರದಲ್ಲಿ ಏನಾದರೂ ಗುರುತು ಉಳಿಸಿದೆಯೋ? ದೊಡ್ಡ ದೊಡ್ಡ ಸಿದ್ಧಾಂತ ಬೇಡ, ಕೆಲಸ ಹೇಗೆ ನಡೆಯುತ್ತಿತ್ತು ಅನ್ನುವುದು ಬೇಕು.


ಕಡತದಹುಳ:

ಮೊದಲು ನಿಷೇಧದ ಗಡಿಯನ್ನು ಗುರುತು ಮಾಡಿಕೊಳ್ಳಬೇಕು. ಎಲ್ಲರೂ ಎಡವುವುದು ಅಲ್ಲೇ.

ರೋಮನ್ ಕಾನೂನಿನಲ್ಲಿ 'ಮೂಟುವಮ್' ಅನ್ನುವ ಒಂದು ಬಗೆಯ ಸಾಲವಿದೆ. ಪಕ್ಕದ ಮನೆಯಿಂದ ಒಂದು ಸೇರು ಅಕ್ಕಿ ಕಡ ತಂದ ಹಾಗೆ. ತಂದ ಅಕ್ಕಿಯನ್ನು ಉಂಡು ಮುಗಿಸುತ್ತೀರಿ, ಹಿಂದಿರುಗಿಸುವುದು ಬೇರೆ ಅಕ್ಕಿ, ಅಷ್ಟೇ ಅಳತೆ. ಧಾನ್ಯ, ಎಣ್ಣೆ, ದ್ರಾಕ್ಷಾರಸ, ದುಡ್ಡು ಎಲ್ಲ ಈ ಗುಂಪಿಗೆ ಸೇರಿದವು. ಚರ್ಚಿನ ನಿಷೇಧ ಇದ್ದದ್ದು ಈ ಮೂಟುವಮ್ ಮೇಲೆ ಮಾತ್ರ. ಅಸಲಿನ ಮೇಲೆ ಏನೇ ಪಡೆದರೂ ಅದು 'ಉಸೂರಾ' ಎಂದು ಸುಮಾರು 1140ರಲ್ಲಿ ಗ್ರೇಷಿಯನ್ ತನ್ನ ಧರ್ಮಶಾಸನ ಸಂಕಲನದಲ್ಲಿ ಬರೆದಿಟ್ಟ. ದರ ಎಷ್ಟು ಅನ್ನುವುದು ಲೆಕ್ಕಕ್ಕೇ ಇಲ್ಲ. ನೂರಕ್ಕೆ ಒಂದು ತೆಗೆದುಕೊಂಡರೂ ಪಾಪ, ನಲವತ್ತು ತೆಗೆದುಕೊಂಡರೂ ಪಾಪ. ಈಗಿನವರು ಉಸೂರಾ ಅಂದರೆ ಮೀಟರ್ ಬಡ್ಡಿ ಅಂದುಕೊಳ್ಳುತ್ತಾರೆ. ಆಗಿನ ಅರ್ಥ ಅದಲ್ಲ.

ಹೊಲ, ಮನೆ, ಎತ್ತು ಬಾಡಿಗೆಗೆ ಕೊಟ್ಟು ದುಡ್ಡು ತೆಗೆದುಕೊಂಡರೆ ತಪ್ಪಿಲ್ಲ. ಬಳಸಿದ ಮೇಲೂ ಅವು ಉಳಿಯುತ್ತವೆ, ಒಡೆತನವೂ ಕೊಟ್ಟವನದೇ. ದುಡ್ಡು ಹಾಗಲ್ಲ, ದ್ರಾಕ್ಷಾರಸದ ಹಾಗೆ ಎಂದು 13ನೇ ಶತಮಾನದ ಧರ್ಮಶಾಸ್ತ್ರಿ ಥಾಮಸ್ ಅಕ್ವಿನಾಸ್ ವಾದಿಸಿದ. ದ್ರಾಕ್ಷಾರಸವನ್ನು ಬಳಸುವುದೆಂದರೆ ಕುಡಿದು ಮುಗಿಸುವುದು. ರಸಕ್ಕೆ ಒಂದು ಬೆಲೆ, ಕುಡಿಯುವುದಕ್ಕೆ ಇನ್ನೊಂದು ಬೆಲೆ ಕೇಳಿದರೆ ಒಂದೇ ವಸ್ತುವನ್ನು ಎರಡು ಸಲ ಮಾರಿದಂತೆ.

ಬೈಬಲ್ಲಿನ ಆಧಾರ: ವಿಮೋಚನಕಾಂಡ 22:25, ಯಾಜಕಕಾಂಡ 25, ಹೊಸ ಒಡಂಬಡಿಕೆಯಲ್ಲಿ ಲೂಕ 6:35. ಧರ್ಮೋಪದೇಶಕಾಂಡ 23:19-20ರಲ್ಲಿ ಮಾತ್ರ ಒಂದು ಸಂದು ಇದೆ. ಸಹೋದರನಿಂದ ಬಡ್ಡಿ ಬೇಡ, ಪರಕೀಯನಿಂದ ತೆಗೆದುಕೊಳ್ಳಬಹುದು. ಆ ಒಂದು ವಾಕ್ಯದಿಂದ ಏನೇನಾಯಿತು ಅನ್ನುವುದನ್ನು ಇಲ್ಲಿ ಬೇರೆ ಯಾರಾದರೂ ಹೇಳಿಯೇ ಹೇಳುತ್ತಾರೆ.

ಶಿಕ್ಷೆ ಹಂತಹಂತವಾಗಿ ಬಿಗಿಯಾಯಿತು. 325ರ ನೈಸಿಯಾ ಪರಿಷತ್ತು, ಅಂದರೆ ಬಿಷಪ್ಪರ ಮಹಾಸಭೆ, ತಡೆದದ್ದು ಪಾದ್ರಿಗಳು ಬಡ್ಡಿ ತಿನ್ನುವುದನ್ನು ಮಾತ್ರ. 1179ರ ಮೂರನೇ ಲ್ಯಾಟರನ್ ಪರಿಷತ್ತಿನಲ್ಲಿ ಅದು ಎಲ್ಲ 'ಪ್ರಕಟ ಬಡ್ಡಿಕೋರ'ರಿಗೂ ಬಂತು. ಪರಮಪ್ರಸಾದ ಇಲ್ಲ, ಸತ್ತರೆ ಕ್ರೈಸ್ತ ವಿಧಿಯ ಸಮಾಧಿ ಇಲ್ಲ, ಅವರ ಕಾಣಿಕೆಯನ್ನು ಚರ್ಚು ಮುಟ್ಟುವಂತಿಲ್ಲ. 1274ರ ಲಿಯೋನ್ ಪರಿಷತ್ತು ಇನ್ನೂ ಮುಂದೆ ಹೋಯಿತು: ಹೊರಗಿನಿಂದ ಬಂದ ಬಡ್ಡಿಕೋರರಿಗೆ ಮನೆ ಬಾಡಿಗೆಗೆ ಕೊಡಕೂಡದು, ತಿಂದ ಬಡ್ಡಿಯನ್ನು ಹಿಂದಿರುಗಿಸದ ಹೊರತು ಅವರ ಉಯಿಲಿಗೆ ಯಾರೂ ಸಾಕ್ಷಿ ಹಾಕಕೂಡದು. 1311-12ರ ವಿಯೆನ್ ಪರಿಷತ್ತಿನ ಹೊತ್ತಿಗೆ 'ಬಡ್ಡಿ ಪಾಪವೇ ಅಲ್ಲ' ಎಂದು ಹಠ ಹಿಡಿಯುವುದು ಧರ್ಮದ್ರೋಹವಾಯಿತು.

'ಪ್ರಕಟ' ಅನ್ನುವ ಪದವನ್ನು ಗಮನಿಸಿ. ಬೋರ್ಡು ಹಾಕಿಕೊಂಡು ಗಿರವಿ ಅಂಗಡಿ ಇಟ್ಟವನು ಪ್ರಕಟ ಬಡ್ಡಿಕೋರ. ರೇಷ್ಮೆ ನಿಲುವಂಗಿಯ ದೊಡ್ಡ ವರ್ತಕ ಅಲ್ಲ. ಅವನ ಪಾಪ ಪಾಪನಿವೇದನೆಯ ಪೀಠಕ್ಕೆ ಬಿಟ್ಟ ವಿಷಯ. ಫ್ಲಾರೆನ್ಸಿನಲ್ಲಿ ಗಿರವಿಯವರನ್ನು ಹಣವಿನಿಮಯಗಾರರ ಸಂಘದೊಳಕ್ಕೇ ಸೇರಿಸುತ್ತಿರಲಿಲ್ಲ. 14ನೇ ಶತಮಾನದಲ್ಲಿ ನಗರಸಭೆಯೇ ಅವರೆಲ್ಲರ ಮೇಲೆ ಒಟ್ಟಾಗಿ ವರ್ಷಕ್ಕೆ 2,000 ಫ್ಲಾರಿನ್ (ಅಲ್ಲಿನ ಚಿನ್ನದ ನಾಣ್ಯ) ದಂಡ ಹಾಕಿ, ದಂಡ ಕಟ್ಟಿದ ಮೇಲೆ ಆ ವರ್ಷ ಮತ್ತೆ ಅವರ ತಂಟೆಗೆ ಹೋಗುತ್ತಿರಲಿಲ್ಲ. ದಂಡ ಅನ್ನಿ, ಲೈಸೆನ್ಸು ಫೀಸು ಅನ್ನಿ.

ನಿಷೇಧದ ಹೊರಗೆ ಮೊದಲು ಬೆಳೆದದ್ದು ಪಾಲುದಾರಿಕೆ. ಜಿನೋವಾದ 'ಕೊಮೆಂಡಾ' ಕರಾರಿನಲ್ಲಿ ಊರಲ್ಲಿ ಕೂತವನು ಪೂರ್ತಿ ಬಂಡವಾಳ ಹಾಕುತ್ತಾನೆ, ಹಡಗು ಹತ್ತುವವನು ಮೈ ಹಾಕುತ್ತಾನೆ. ಲಾಭದಲ್ಲಿ ಕೂತವನಿಗೆ ಮುಕ್ಕಾಲು, ಹೋದವನಿಗೆ ಕಾಲು. 100 ಲಿರಾ ಹೋಗಿ 140 ಬಂದರೆ 30 ಮತ್ತು 10. ಹಡಗು ಮುಳುಗಿದರೆ ಬಂಡವಾಳ ಕೂತವನದೇ ಹೋಯಿತು, ಹೋದವನು ತೀರಿಸಬೇಕಿಲ್ಲ. ನಷ್ಟದ ಹೊರೆ ದುಡ್ಡು ಕೊಟ್ಟವನ ತಲೆ ಮೇಲಿದ್ದರೆ ಅದು ಸಾಲವಲ್ಲ, ಬಂದ ಲಾಭ ಬಡ್ಡಿಯಲ್ಲ. ಹಡಗು ದಡ ಸೇರಿದರೆ ಇಷ್ಟು ಅಂತ ಮೊದಲೇ ಗೊತ್ತುಮಾಡಿದ ಸಮುದ್ರ ಸಾಲವನ್ನು ಮಾತ್ರ ಒಂಬತ್ತನೇ ಗ್ರೆಗರಿ ಪೋಪ್ ಉಸೂರಾ ಎಂದೇ ತೀರ್ಪಿತ್ತ. ಅದಾದ ಮೇಲೆ ವರ್ತಕರು ಪಾಲು ಕರಾರಿನತ್ತ ಇನ್ನಷ್ಟು ವಾಲಿದರೆ ಆಶ್ಚರ್ಯವಿಲ್ಲ.


ಖಾತೆಕಿರ್ದಿ:

ಎರಡನೇ ಪ್ರಶ್ನೆಗೆ ಲೆಕ್ಕ ಹಾಕಿ ತೋರಿಸುತ್ತೇನೆ. ದೊಡ್ಡ ಬ್ಯಾಂಕುಗಳ ಹೊಟ್ಟೆ ತುಂಬಿಸಿದ್ದು ಹುಂಡಿ, ಅಂದರೆ ಇನ್ನೊಂದು ಊರಿನಲ್ಲಿ ಇಂಥವರಿಗೆ ಇಷ್ಟು ಹಣ ಕೊಡಿ ಎಂದು ಬರೆದ ಪತ್ರ. ನಮ್ಮ ಪೇಟೆಯ ಹಳೇ ಹುಂಡಿಯ ದಾಯಾದಿ ಅಂದುಕೊಳ್ಳಿ, ಆದರೆ ಇದರಲ್ಲಿ ಎರಡು ಊರು, ಎರಡು ನಾಣ್ಯ, ನಾಲ್ಕು ಜನ ಕಡ್ಡಾಯ.

ವೆನಿಸ್ಸಿನಲ್ಲಿ ದುಡ್ಡು ಕೊಡುವವನು, ದುಡ್ಡು ತೆಗೆದುಕೊಂಡು ಹುಂಡಿ ಬರೆಯುವವನು. ಲಂಡನ್ನಿನಲ್ಲಿ ಹುಂಡಿ ಹಣ ಕಟ್ಟುವವನು, ಅದನ್ನು ಪಡೆಯುವವನು. ಅಲ್ಲಿರುವ ಇಬ್ಬರೂ ಇಲ್ಲಿರುವ ಇಬ್ಬರ ಏಜೆಂಟರು. ಪತ್ರ ಅಂದರೆ ಒಂದು ಸಣ್ಣ ಕಾಗದದ ಚೂರು. ದೇವರ ಹೆಸರು, ತಾರೀಖು, 'ಈ ಮೊದಲ ಪತ್ರದ ಮೇಲೆ' ಇಂಥವರಿಗೆ ಇಷ್ಟು ಕೊಡಿ, ಇಷ್ಟು ಡುಕಾಟಿಗೆ ಇಷ್ಟು ದರದಂತೆ, ಕೊನೆಗೆ ಸಹಿ. 'ಮೊದಲ' ಯಾಕೆಂದರೆ ದಾರಿಯಲ್ಲಿ ಕಳೆದುಹೋದೀತೆಂದು ಎರಡನೇ ಪ್ರತಿಯನ್ನು ಬೇರೆ ಅಂಚೆಯಲ್ಲಿ ಕಳಿಸುತ್ತಿದ್ದರು. ಸಾಕ್ಷಿ ಇಲ್ಲ, ನೋಟರಿ ಇಲ್ಲ, ಕೈಬರಹದ ಗುರುತೇ ಎಲ್ಲ. ಗಡುವನ್ನು ರೂಢಿಯೇ ಗೊತ್ತುಮಾಡಿತ್ತು: ವೆನಿಸ್-ಲಂಡನ್ ನಡುವೆ 3 ತಿಂಗಳು, ವೆನಿಸ್-ಬ್ರೂಜ್ ನಡುವೆ 2 ತಿಂಗಳು.

ಈಗ ಲೆಕ್ಕ. ಅಂಕಿಗಳು ಉದಾಹರಣೆಗೆ, ಆದರೆ ಆ ಕಾಲದ ದರದ ಆಸುಪಾಸಿನವೇ.

ವೆನಿಸ್ಸಿನಲ್ಲಿ 1,000 ಡುಕಾಟ್ (ಅಲ್ಲಿನ ಚಿನ್ನದ ನಾಣ್ಯ) ಕೊಟ್ಟೆ. ದರ ಡುಕಾಟಿಗೆ 47 ಪೆನ್ನಿ. ಮೂರು ತಿಂಗಳಾದ ಮೇಲೆ ಲಂಡನ್ನಿನಲ್ಲಿ ನನ್ನ ಏಜೆಂಟನ ಕೈಗೆ 47,000 ಪೆನ್ನಿ, ಅಂದರೆ 195 ಪೌಂಡು 16 ಶಿಲ್ಲಿಂಗು 8 ಪೆನ್ನಿ ಬಂತು. ಅವನು ಅದನ್ನು ಸುಮ್ಮನೆ ಇಟ್ಟುಕೊಳ್ಳದೆ ಅಲ್ಲಿ ದುಡ್ಡು ಬೇಕಾದವನಿಗೆ ಕೊಟ್ಟು, ವೆನಿಸ್ಸಿನ ಮೇಲೆ ಮರುಹುಂಡಿ ಬರೆಸಿಕೊಂಡ. ಲಂಡನ್ನಿನ ದರ ಡುಕಾಟಿಗೆ 44 ಪೆನ್ನಿ. 47,000 ಭಾಗಿಸು 44, ಅಂದರೆ 1,068 ಡುಕಾಟ್. ಇನ್ನು ಮೂರು ತಿಂಗಳಿಗೆ ನನ್ನ ಕೈಯಲ್ಲಿ. ಆರು ತಿಂಗಳಿಗೆ 68 ಡುಕಾಟ್, ವರ್ಷದ ಲೆಕ್ಕಕ್ಕೆ 13-14%. ಪತ್ರದಲ್ಲಿ ಬಡ್ಡಿ ಅನ್ನುವ ಪದ ಹುಡುಕಿದರೂ ಸಿಗದು.

ಒಂದೇ ಡುಕಾಟಿಗೆ ವೆನಿಸ್ಸಿನಲ್ಲಿ 47, ಲಂಡನ್ನಿನಲ್ಲಿ 44 ಹೇಗೆ? ಗುಟ್ಟು ಇಲ್ಲೇ ಇರುವುದು. ಎರಡೂ ಕಡೆ ದುಡ್ಡು ಮೊದಲು ಕೊಡುವವನು ಕಾಯುತ್ತಾನೆ. ವೆನಿಸ್ಸಿನವನು ಡುಕಾಟನ್ನು ಈಗ ಕೊಟ್ಟು ಪೆನ್ನಿಯನ್ನು ಮೂರು ತಿಂಗಳಿಗೆ ಪಡೆಯುವುದರಿಂದ ಹೆಚ್ಚು ಪೆನ್ನಿ ಕೇಳುತ್ತಾನೆ. ಲಂಡನ್ನಿನವನು ಪೆನ್ನಿಯನ್ನು ಈಗ ಕೊಟ್ಟು ಡುಕಾಟಿಗೆ ಕಾಯುವುದರಿಂದ ಒಂದು ಡುಕಾಟಿಗೆ ಕಡಿಮೆ ಪೆನ್ನಿ ಕೊಡುತ್ತಾನೆ. ಕಾಯುವಿಕೆಯ ಬೆಲೆ ದರದೊಳಗೇ ಅಡಗಿ ಕೂತಿದೆ.

ಆದರೂ ಧರ್ಮಶಾಸ್ತ್ರಿಗಳಲ್ಲಿ ಹೆಚ್ಚಿನವರು ಒಪ್ಪಿದ್ದು ಇದು ಖಾತ್ರಿಯಿಲ್ಲದ ಗಳಿಕೆ ಅಂತ. ಹುಂಡಿ ಲಂಡನ್ ತಲುಪುವ ಹೊತ್ತಿಗೆ ಅಲ್ಲಿಯ ದರ 48ಕ್ಕೆ ಏರಿದ್ದರೆ ನನಗೆ ವಾಪಸ್ ಬರುವುದು 979 ಡುಕಾಟ್, ಅಸಲಿಗೇ 21 ಖೋತಾ. ಇಂಗ್ಲೆಂಡಿನ ರಾಜ ನಾಣ್ಯ ಕೆಡಿಸಿದರೆ, ಆ ಕಡೆಯ ಏಜೆಂಟ್ ದಿವಾಳಿಯಾದರೆ, ಅದೂ ನನ್ನದೇ ತಲೆನೋವು.

ಕೆಡುತ್ತಿದ್ದದ್ದು ಎಲ್ಲಿ? ಮೋಸ ಮಾಡುವವರು ಮರುದರವನ್ನೂ ಮೊದಲೇ ಗೊತ್ತುಮಾಡಿ, ಪತ್ರ ಬರೆದು ಡ್ರಾಯರಿನಲ್ಲೇ ಇಟ್ಟುಕೊಳ್ಳುತ್ತಿದ್ದರು. ಲಂಡನ್ನಿಗೆ ಏನೂ ಹೋಗದು, ಅಪಾಯವೂ ಇಲ್ಲ. ಇದಕ್ಕೆ 'ಒಣ ಹುಂಡಿ' ಅಂತ ಹೆಸರು. ಐದನೇ ಪಯಸ್ ಪೋಪ್ 1571ರಲ್ಲಿ ಆಜ್ಞೆ ಹೊರಡಿಸಿ ಇದನ್ನು ನಿಷೇಧಿಸಿದ.

ಠೇವಣಿಯದು ಇನ್ನೊಂದು ಕಥೆ. ಮೆಡಿಚಿಗಳಲ್ಲಿ ಕಾರ್ಡಿನಲ್‌ಗಳು, ಶ್ರೀಮಂತರು ಇಡುತ್ತಿದ್ದ ಠೇವಣಿಗೆ 'ಅ ದಿಸ್ಕ್ರೆತ್ಸಿಯೋನೆ' ಅನ್ನುತ್ತಿದ್ದರು, ಅಂದರೆ ಬ್ಯಾಂಕಿನವನ ಮರ್ಜಿ. ರಸೀದಿಯಲ್ಲಿ ದರ ಇರುವುದಿಲ್ಲ. ವರ್ಷದ ಕೊನೆಗೆ ಬ್ಯಾಂಕಿನವನು ಕೊಡುವುದು ಉಡುಗೊರೆ. ಕೊಡದಿದ್ದರೆ ದಾವೆ ಹೂಡುವಂತಿಲ್ಲ, ಆದರೆ ಮುಂದಿನ ವರ್ಷ ಠೇವಣಿ ಪಕ್ಕದ ಬ್ಯಾಂಕಿಗೆ ಹೋಗುತ್ತದೆ ಅಂತ ಇಬ್ಬರಿಗೂ ಗೊತ್ತು.


ಅಂಚೆಪೆಟ್ಟಿಗೆ:

@ಖಾತೆಕಿರ್ದಿ ಲೆಕ್ಕ ಅರ್ಥವಾಯಿತು ಸರ್, ಧನ್ಯವಾದ. ಹಾಗಾದರೆ ಇದು ನೇರವಾಗಿ ಬೇಲಿ ಹಾರುವ ಕೆಲಸವೇ ಅಲ್ಲವೇ? ಮೂಲೆಯಲ್ಲಿ ಬಡ್ಡಿ ತಿನ್ನುತ್ತಾ ಬಾಯಲ್ಲಿ ವಿನಿಮಯ ಅನ್ನುವುದು. ಧರ್ಮ ಇವರ ಮೌಲ್ಯವನ್ನು ತಿದ್ದಿತು ಅನ್ನುವುದಕ್ಕೆ ಇದರಲ್ಲಿ ಏನಿದೆ?


ನೇತ್ರಾವತಿ_ದಂಡೆ:

ಬೇಲಿ ಹಾರುವವನು ಸಾಯುವಾಗ ಆಸ್ತಿ ವಾಪಸ್ ಕೊಡುವುದಿಲ್ಲ. ಇವರು ಕೊಡುತ್ತಿದ್ದರು. ಅಲ್ಲಿಂದ ಶುರು ಮಾಡೋಣ.

ಪಾಪನಿವೇದನೆ ಮಾಡಿದರೆ ಬಡ್ಡಿಯ ಪಾಪ ಕ್ಷಮೆಯಾಗುತ್ತದೆ ಅಂತ ಹಲವರು ತಿಳಿದಿದ್ದಾರೆ. ಆಗುವುದಿಲ್ಲ. ಬಡ್ಡಿಯನ್ನು ಕಳ್ಳತನದ ಸಾಲಿಗೆ ಸೇರಿಸಿದ್ದರಿಂದ ತಿಂದದ್ದನ್ನು ಹಿಂದಿರುಗಿಸಿದ ಮೇಲಷ್ಟೇ ಕ್ಷಮೆ. ಬಡ್ಡಿ ತಿಂದವನ ಉಯಿಲು ಬರೆಯುವಾಗ ನೋಟರಿ ಎರಡು ಪಟ್ಟಿ ಮಾಡುತ್ತಿದ್ದ. ಯಾರಿಂದ ಎಷ್ಟು ಅಂತ ಗೊತ್ತಿರುವುದು ಒಂದರಲ್ಲಿ, ಅದು ಅವರಿಗೆ ಅಥವಾ ಅವರ ವಾರಸುದಾರರಿಗೆ. ಗೊತ್ತಿಲ್ಲದ್ದು ಇನ್ನೊಂದರಲ್ಲಿ, ಅದು ಬಿಷಪ್ಪರ ಮೂಲಕ ಬಡವರಿಗೆ. ಮಕ್ಕಳು ಆಸ್ತಿ ಬಿಟ್ಟುಕೊಡಲು ಒಪ್ಪದೆ ತಕರಾರು ತೆಗೆಯುವುದು, ವರ್ಷಗಟ್ಟಲೆ ಎಳೆಯುವುದು ಮಾಮೂಲು. ಅದಕ್ಕೇ ಲಿಯೋನ್ ಪರಿಷತ್ತು ಹಿಂದಿರುಗಿಸುವುದಕ್ಕೆ ಜಾಮೀನು ಕೇಳಿದ್ದು.

ಪಾದುವಾ ನಗರದ ಸ್ಕ್ರೊವೆಞಿ ಪ್ರಾರ್ಥನಾಲಯವನ್ನೇ ತೆಗೆದುಕೊಳ್ಳಿ. ಜೊತ್ತೊ ಚಿತ್ರ ಬರೆದ, 1305ರಲ್ಲಿ ಪ್ರತಿಷ್ಠೆಯಾದ ಕಟ್ಟಡ. ಕಟ್ಟಿಸಿದ ಎನ್ರಿಕೊ ಬಡ್ಡಿಕೋರನ ಮಗ. ಅಪ್ಪ ರೆಜಿನಾಲ್ದೊನನ್ನು ಕವಿ ಡಾಂಟೆ ತನ್ನ ಕಾವ್ಯದಲ್ಲಿ ನರಕದ ಏಳನೇ ಸುತ್ತಿನಲ್ಲಿ, ಕೊರಳಿಗೆ ಹಣದ ಚೀಲ ನೇತುಹಾಕಿಕೊಂಡು ಕೂತವರ ನಡುವೆ ಕೂರಿಸಿದ್ದಾನೆ. ಚೀಲದ ಮೇಲೆ ಆ ಮನೆತನದ ಲಾಂಛನ, ಬಿಳಿಯ ಮೇಲೆ ನೀಲಿ ಹಂದಿ. ಹೆಸರು ಹೇಳುವ ಅಗತ್ಯವೇ ಇರಲಿಲ್ಲ. ಪ್ರಾರ್ಥನಾಲಯದ ಅಂತಿಮ ತೀರ್ಪಿನ ಚಿತ್ರದಲ್ಲಿ ಎನ್ರಿಕೊ ಮಂಡಿಯೂರಿ ಅದೇ ಕಟ್ಟಡದ ಮಾದರಿಯನ್ನು ಮರಿಯಮ್ಮನಿಗೆ ಒಪ್ಪಿಸುತ್ತಿದ್ದಾನೆ. ಅದೇ ಗೋಡೆಯ ನರಕದ ಭಾಗದಲ್ಲಿ ಹಣದ ಚೀಲದ ದಾರಕ್ಕೆ ನೇತುಬಿದ್ದವರೂ ಇದ್ದಾರೆ. ಅಪ್ಪನ ಪಾಪ ತೊಳೆಯಲೆಂದೇ ಕಟ್ಟಿಸಿದ್ದು ಅನ್ನುವುದನ್ನು ಈಗಿನ ಕೆಲವು ವಿದ್ವಾಂಸರು ಒಪ್ಪುವುದಿಲ್ಲ, ಪ್ರತಿಷ್ಠೆಯ ಆಸೆಯೂ ಇತ್ತು ಅನ್ನುತ್ತಾರೆ. ಇದ್ದಿರಲಿ. ಪ್ರತಿಷ್ಠೆಗೆ ಹಣದ ಚೀಲದ ನರಕವನ್ನು ಸ್ವಂತ ಗೋಡೆಯ ಮೇಲೆ ಬರೆಸಿಕೊಳ್ಳುವವರು ಕಡಿಮೆ.

ಪ್ರಾತೊ ಊರಿನ ವರ್ತಕ ಫ್ರಾನ್ಚೆಸ್ಕೊ ದಾತೀನಿ ಲೆಕ್ಕದ ಪುಸ್ತಕದ ತಲೆಬರಹವಾಗಿ 'ದೇವರ ಹೆಸರಲ್ಲಿ ಮತ್ತು ಲಾಭದ ಹೆಸರಲ್ಲಿ' ಎಂದು ಬರೆಸುತ್ತಿದ್ದ. ನಾವು 'ಶ್ರೀ, ಲಾಭ-ಶುಭ' ಅಂತ ಬರೆಯುವ ಹಾಗೆಯೇ. 1410ರಲ್ಲಿ ಸತ್ತಾಗ ಸುಮಾರು 70,000 ಫ್ಲಾರಿನ್ ಆಸ್ತಿಯನ್ನು ಊರಿನ ಬಡವರ ನಿಧಿಗೆ ಬಿಟ್ಟ. ಫ್ಲಾರೆನ್ಸಿನ ಬಾರ್ದಿ ಕಂಪನಿಯ ಖಾತೆಯಲ್ಲಿ 'ಸ್ವಾಮಿ ದೇವರಾಯರು' ಅನ್ನಬಹುದಾದ ಹೆಸರಿನ ಒಬ್ಬ ಪಾಲುದಾರ ಇದ್ದ. ಲಾಭದಲ್ಲಿ ಅವನ ಪಾಲು ಬಡವರಿಗೆ.

ಇನ್ನು ನಿಮ್ಮ ಮೂರನೇ ಪ್ರಶ್ನೆ. ಉಳಿದ ಗುರುತುಗಳಲ್ಲಿ ದೊಡ್ಡದು ಇಂಗ್ಲಿಷಿನ 'ಇಂಟರೆಸ್ಟ್' ಅನ್ನುವ ಪದವೇ. ಉಸೂರಾಕ್ಕೆ ಎದುರಾಗಿ ಹುಟ್ಟಿದ ಪದ ಅದು. ರೋಮನ್ ಕಾನೂನಿನಲ್ಲಿ 'ಇಂಟರೆಸ್ಸೆ' ಅಂದರೆ ಅಂತರ: ಸಾಲ ಸಕಾಲಕ್ಕೆ ವಾಪಸ್ ಬಂದಿದ್ದರೆ ನಾನಿರುತ್ತಿದ್ದ ಸ್ಥಿತಿಗೂ ಈಗಿನ ಸ್ಥಿತಿಗೂ ಇರುವ ಅಂತರ. ಅದಕ್ಕೆ ಪರಿಹಾರ ಕೇಳುವುದು ಲಾಭವಲ್ಲ. ಧರ್ಮಶಾಸ್ತ್ರಿಗಳು ಇದನ್ನು ಒಂದೊಂದೇ ಮೆಟ್ಟಿಲಾಗಿ ಒಪ್ಪಿದರು. ತಡಮಾಡಿದ್ದಕ್ಕೆ ದಂಡ, ಸರಿ. ಸಾಲ ಕೊಟ್ಟದ್ದರಿಂದ ನನಗಾದ ನಷ್ಟ, ಸರಿ. ಇದನ್ನು ಅಕ್ವಿನಾಸನೂ ಒಪ್ಪಿದ. ಸಾಲ ಕೊಟ್ಟದ್ದರಿಂದ ಕೈತಪ್ಪಿದ ಲಾಭ? ಅಕ್ವಿನಾಸ್ ಬೇಡ ಅಂದ, ಇನ್ನೂ ಇಲ್ಲದ್ದನ್ನು ಮಾರುವಂತಿಲ್ಲ ಅಂತ. ಆದರೆ 1298ರಲ್ಲಿ ತೀರಿಕೊಂಡ ಫ್ರಾನ್ಸಿಸ್ಕನ್ ಸನ್ಯಾಸಿ ಪೀಟರ್ ಜಾನ್ ಒಲೀವಿ, ವ್ಯಾಪಾರಕ್ಕೆಂದೇ ಎತ್ತಿಟ್ಟ ದುಡ್ಡಿಗೆ ಬೀಜದ ಗುಣವಿದೆ, ಅದು 'ಕಾಪಿಟಾಲೆ', ಅಂದರೆ ಬಂಡವಾಳ ಎಂದ. ಭಿಕ್ಷೆ ಬೇಡಿ ಬದುಕುವ, ಬಡತನದ ವ್ರತಕ್ಕಾಗಿ ತನ್ನ ಸಂಘದವರ ಜೊತೆಗೇ ಜಗಳ ಆಡಿದ ಮನುಷ್ಯ! ಅವನ ಬರಹಗಳ ಮೇಲೆ ಶಂಕೆ ಇದ್ದುದರಿಂದ, ಮುಂದೆ ಸಿಯೆನಾದ ಸಂತ ಬರ್ನಾರ್ದಿನೊ ಅದೇ ವಾದವನ್ನು ಒಲೀವಿಯ ಹೆಸರೆತ್ತದೆ ತನ್ನ ಉಪನ್ಯಾಸಗಳಿಗೆ ಇಳಿಸಿಕೊಂಡ.

ಹಾಗಾಗಿ ಮೌಲ್ಯ ಎಲ್ಲಿದೆ ಅಂತ ಕೇಳಿದರೆ: ಹಸಿದವನಿಗೆ ಕೊಟ್ಟ ಸಾಲ ಬೇರೆ, ವ್ಯಾಪಾರಕ್ಕೆ ಹಾಕಿದ ಬಂಡವಾಳ ಬೇರೆ ಅನ್ನುವ ಗೆರೆಯಲ್ಲಿ. ಅಪಾಯ ಹೊತ್ತವನಿಗೆ ಲಾಭ, ಹೊರದವನಿಗೆ ಇಲ್ಲ. ಎಳೆದವರು ಸನ್ಯಾಸಿಗಳು.


ಕಗ್ಗಲ್ಲು:

ನೇತ್ರಾವತಿಯವರು ಬರೆದದ್ದು ಚೆನ್ನಾಗಿದೆ, ಆದರೆ ಎಲ್ಲ ಉದಾಹರಣೆಗಳೂ ಸಾವಿರ ಫ್ಲಾರಿನ್ನಿನ ಮೇಲಿನ ಜನರವು. ಬಿತ್ತನೆಗೆ ದುಡ್ಡಿಲ್ಲದ ರೈತ ಲಂಡನ್ನಿನ ಮೇಲೆ ಹುಂಡಿ ಬರೆಯುತ್ತಾನೆಯೇ? ನಿಷೇಧದ ಬಿಸಿ ತಟ್ಟಿದ್ದು ಅವನಿಗೆ ಮತ್ತು ಯಹೂದಿಗಳಿಗೆ.

ಧರ್ಮೋಪದೇಶಕಾಂಡದ 'ಪರಕೀಯ' ಅನ್ನುವ ಸಂದು ಇಲ್ಲಿ ಬರುತ್ತದೆ. ಯಹೂದಿ ಕ್ರೈಸ್ತನಿಗೆ ಬಡ್ಡಿಗೆ ಕೊಡಬಹುದು. ಜಮೀನು, ಕಸುಬು ಸಂಘಗಳು ಅವರಿಗೆ ಬಹುಮಟ್ಟಿಗೆ ಮುಚ್ಚಿದ್ದವು. ಉಳಿದದ್ದು ಲೇವಾದೇವಿ. ಇಂಗ್ಲೆಂಡಿನಲ್ಲಿ 1233ರ ಕಟ್ಟಳೆಯಂತೆ ಅವರ ಗರಿಷ್ಠ ದರ ಪೌಂಡಿಗೆ ವಾರಕ್ಕೆ 2 ಪೆನ್ನಿ. ಪೌಂಡಿಗೆ 240 ಪೆನ್ನಿ, ವರ್ಷಕ್ಕೆ 52 ವಾರ, ಅಂದರೆ 43%. ಇದನ್ನು ನೋಡಿ ದುರಾಸೆ ಅನ್ನುವವರು ಇನ್ನೊಂದು ಬದಿಯನ್ನೂ ನೋಡಬೇಕು. ರಾಜ ಮನಬಂದಾಗ ಅವರ ಮೇಲೆ ತೆರಿಗೆ ಹೇರುತ್ತಿದ್ದ. ಲಿಂಕನ್ ಪಟ್ಟಣದ ಆರನ್ 1186ರಲ್ಲಿ ಸತ್ತಾಗ ಅವನಿಗೆ ಬರಬೇಕಿದ್ದ ಸಾಲಗಳೆಲ್ಲ ರಾಜನ ಪಾಲಾದವು. ವಸೂಲಿಗೆಂದೇ ಪ್ರತ್ಯೇಕ ಲೆಕ್ಕದ ಕಚೇರಿ ತೆರೆಯಬೇಕಾಯಿತು. ಬಡ್ಡಿ ಯಹೂದಿಯ ಹೆಸರಿನಲ್ಲಿ, ಕೊನೆಗೆ ಹೋಗಿ ಸೇರುವುದು ಖಜಾನೆಗೆ.

1190ರಲ್ಲಿ ಯಾರ್ಕ್ ನಗರದಲ್ಲಿ ಯಹೂದಿಗಳ ಹತ್ಯಾಕಾಂಡ ನಡೆಯಿತು. ಅದಾದ ಕೂಡಲೇ ಗುಂಪು ನೇರ ಪ್ರಧಾನ ಚರ್ಚಿಗೆ ಹೋಗಿ, ಅಲ್ಲಿಟ್ಟಿದ್ದ ಸಾಲಪತ್ರಗಳನ್ನು ಸುಟ್ಟಿತು. ದ್ವೇಷದ ಜೊತೆಗೆ ಸಾಲಮನ್ನಾದ ಲೆಕ್ಕವೂ ಇತ್ತು. ರಾಜನ ಕಡೆಯಿಂದ 1194ರಲ್ಲಿ ಬಂದ ಪರಿಹಾರ ಹೀಗಿತ್ತು: ಸಾಲಪತ್ರವನ್ನು ಒಂದೇ ಚರ್ಮದ ಹಾಳೆಯಲ್ಲಿ ಎರಡು ಸಲ ಬರೆದು, ನಡುವೆ ಹಲ್ಲುಹಲ್ಲಾಗಿ ಕತ್ತರಿಸುವುದು. ಅರ್ಧ ಸಾಲ ಕೊಟ್ಟವನಿಗೆ, ಅರ್ಧ ಸಾರ್ವಜನಿಕ ಪೆಟ್ಟಿಗೆಗೆ. ಪೆಟ್ಟಿಗೆಗೆ ಮೂರು ಬೀಗ: ಒಂದರ ಕೀಲಿ ಇಬ್ಬರು ಕ್ರೈಸ್ತರ ಹತ್ತಿರ, ಒಂದರದು ಇಬ್ಬರು ಯಹೂದಿಗಳ ಹತ್ತಿರ, ಮೂರನೆಯದು ಗುಮಾಸ್ತರ ಹತ್ತಿರ. ಮುಂದೆ ಯಾರು ಪತ್ರ ಸುಟ್ಟರೂ ರಾಜನ ಆದಾಯ ಸುಡಬಾರದು, ಅಷ್ಟೇ ಕಾಳಜಿ. 1275ರಲ್ಲಿ ಅವರ ಲೇವಾದೇವಿಯನ್ನೇ ನಿಷೇಧಿಸಿದರು, 1290ರಲ್ಲಿ ದೇಶದಿಂದಲೇ ಹೊರಹಾಕಿದರು.

ಬಡವರಿಗಾಗಿ ಚರ್ಚು ಏನೂ ಮಾಡಲಿಲ್ಲ ಅನ್ನುವುದಿಲ್ಲ. ತಡವಾಗಿ ಮಾಡಿತು. 1462ರಲ್ಲಿ ಪೆರೂಜಾದಲ್ಲಿ ಫ್ರಾನ್ಸಿಸ್ಕನ್ನರು 'ಮೊಂತೆ ದಿ ಪಿಯೆತಾ' ತೆರೆದರು, ದಾನದ ಬಂಡವಾಳದ ಗಿರವಿ ಅಂಗಡಿ. ವ್ಯವಸ್ಥೆ ಹೀಗೆ: ಒಡವೆ, ಪಾತ್ರೆ, ಬಟ್ಟೆ ತಂದರೆ ಬೆಲೆ ಕಟ್ಟುವವನು ನೋಡುತ್ತಾನೆ, ಸಾಮಾನ್ಯವಾಗಿ ಮೂರನೇ ಎರಡರಷ್ಟು ಸಾಲ. ಗಡುವು ವರ್ಷದ ಆಸುಪಾಸು. ಬಿಡಿಸಿಕೊಳ್ಳದಿದ್ದರೆ ಹರಾಜು, ಸಾಲ ಕಳೆದು ಮಿಕ್ಕದ್ದು ಮಾಲೀಕನಿಗೇ ವಾಪಸ್. ಈ ಕೊನೆಯ ಭಾಗವೇ ಖಾಸಗಿ ಗಿರವಿಯವನಿಗೂ ಇವರಿಗೂ ವ್ಯತ್ಯಾಸ. ಬಡ್ಡಿ ಇಲ್ಲದೆ ನಡೆಸಹೊರಟ ಕಡೆ ಗುಮಾಸ್ತರ ಸಂಬಳಕ್ಕೂ ಗೋದಾಮಿನ ಬಾಡಿಗೆಗೂ ಅಸಲೇ ಕರಗಿತು. ಹಾಗಾಗಿ ಸಣ್ಣ ಶುಲ್ಕ ಹಾಕಿದರು. 15ನೇ ಶತಮಾನದ ಫ್ಲಾರೆನ್ಸಿನಲ್ಲಿ ಗಿರವಿಯವರ ದರ ಲಿರಾಗೆ ತಿಂಗಳಿಗೆ 4 ದೆನಾರಿ, ಅಂದರೆ 20%. ಮೊಂತೆಗಳಲ್ಲಿ 5ರಿಂದ 10%.

ಸರಿ, ಅದೂ ಬಡ್ಡಿಯಲ್ಲವೇ ಅಂತ ಇನ್ನೊಂದು ಸನ್ಯಾಸಿ ಸಂಘದವರಾದ ಡೊಮಿನಿಕನ್ನರು ಜಗಳ ತೆಗೆದರು. 1515ರಲ್ಲಿ, ಐದನೇ ಲ್ಯಾಟರನ್ ಪರಿಷತ್ತು ನಡೆಯುತ್ತಿದ್ದಾಗ, ಹತ್ತನೇ ಲಿಯೋ ಪೋಪ್ ತೀರ್ಪು ಕೊಟ್ಟ: ಖರ್ಚಿನಷ್ಟು ತೆಗೆದುಕೊಂಡರೆ ಉಸೂರಾ ಅಲ್ಲ. ಸಿಯೆನಾದಲ್ಲಿ 1472ರಲ್ಲಿ ಹೀಗೇ ಶುರುವಾದ ಸಂಸ್ಥೆ ಇವತ್ತಿಗೂ ಬ್ಯಾಂಕಾಗಿ ನಡೆಯುತ್ತಿದೆ. ಆದರೆ ಇವೇ ಮೊಂತೆಗಳಿಗೆ ಚಂದಾ ಎತ್ತಲು ಫೆಲ್ತ್ರೆಯ ಬರ್ನಾರ್ದಿನೊನಂಥವರು ಊರೂರು ತಿರುಗಿ ಮಾಡಿದ ಭಾಷಣಗಳು ಯಹೂದಿಗಳ ಮೇಲೆ ಜನರನ್ನು ಕೆರಳಿಸಿದವು. ಕರುಣೆಯ ಅಂಗಡಿಗೆ ದ್ವೇಷದ ಜಾಹೀರಾತು. ಮೌಲ್ಯದ ಖಾತೆಯಲ್ಲಿ ಈ ಪುಟವನ್ನೂ ಹಚ್ಚಬೇಕು.


ನೇತ್ರಾವತಿ_ದಂಡೆ:

@ಕಗ್ಗಲ್ಲು ಒಪ್ಪುತ್ತೇನೆ. ಒಂದೇ ಸೇರ್ಪಡೆ: 43% ಕಟ್ಟಳೆಯ ಮಿತಿ, ಎಲ್ಲ ಸಾಲವೂ ಆ ದರಕ್ಕೇ ಹೋಗುತ್ತಿತ್ತು ಅಂತಲ್ಲ. ಬಡ್ಡಿಗೆ ಕೊಡುತ್ತಿದ್ದವರಲ್ಲಿ ಕ್ರೈಸ್ತರೂ ಧಾರಾಳವಾಗಿದ್ದರು. ದಕ್ಷಿಣ ಫ್ರಾನ್ಸಿನ ಕಾಹೋರ್ ಊರಿನವರು, ಇಟಲಿಯ ಲೊಂಬಾರ್ದಿಯವರು. ಲಂಡನ್ನಿನ ಲೊಂಬಾರ್ಡ್ ಸ್ಟ್ರೀಟ್ ಹೆಸರು ಅವರಿಂದಲೇ ಬಂದದ್ದು.


ಕಡತದಹುಳ:

ಪ್ರೊಟೆಸ್ಟೆಂಟರ ವಿಷಯ ಉಳಿಯಿತು. ಬೇಗ ಮುಗಿಸುತ್ತೇನೆ, ಯಾಕೆಂದರೆ ಈ ಲೆಕ್ಕದಲ್ಲಿ ಅವರ ಪಾಲು ಜನ ಹೇಳುವಷ್ಟಿಲ್ಲ.

ಲೂಥರ್ ಬಡ್ಡಿಯ ಕಡುವೈರಿ. 1524ರಲ್ಲಿ ವ್ಯಾಪಾರ ಮತ್ತು ಬಡ್ಡಿಯ ಬಗ್ಗೆ ಅವನು ಬರೆದದ್ದನ್ನು ಓದಿದರೆ ಪೋಪರೇ ಮೃದು ಅನ್ನಿಸುತ್ತದೆ. 5% ಬಡ್ಡಿಯ ಪರವಾಗಿ 1515ರಲ್ಲಿ ಬೊಲೋನ್ಯಾದಲ್ಲಿ ವಾದಕ್ಕೆ ನಿಂತವನು ಯೋಹಾನ್ ಎಕ್, ಮುಂದೆ ಲೂಥರನ ಎದುರಾಳಿಯಾದ ಕಥೋಲಿಕ ಪಂಡಿತ. ಅವನ ಬೆನ್ನಿಗೆ ಜರ್ಮನಿಯ ದೊಡ್ಡ ಬ್ಯಾಂಕಿನವರಾದ ಫುಗ್ಗರ್ ಮನೆತನ ಇತ್ತು. ವಾದದ ಹೆಸರು 'ಮೂರು ಕರಾರು'. ಒಬ್ಬನೊಂದಿಗೇ ಪಾಲುದಾರಿಕೆ ಮಾಡು. ಅಸಲಿಗೆ ಅವನಿಂದಲೇ ವಿಮೆ ಮಾಡಿಸು, ಅದಕ್ಕಾಗಿ ಲಾಭದ ಸ್ವಲ್ಪ ಬಿಟ್ಟುಕೊಡು. ಉಳಿದ ಅನಿಶ್ಚಿತ ಲಾಭವನ್ನು ನಿಶ್ಚಿತವಾದ 5%ಗೆ ಅವನಿಗೇ ಮಾರು. ಒಂದೊಂದೂ ಸರಿಯಾದ ಕರಾರು. ಮೂರನ್ನೂ ಕೂಡಿಸಿದರೆ ಥೇಟ್ ಬಡ್ಡಿ ಸಾಲ. 1586ರಲ್ಲಿ ಐದನೇ ಸಿಕ್ಸ್‌ಟಸ್ ಪೋಪ್ ಇದನ್ನು ಖಂಡಿಸಿದ, ಬಳಕೆ ನಿಲ್ಲಲಿಲ್ಲ.

ವಿಮೆ ಅಂದಾಗ ಒಂದು ಮಾತು. ಉಳಿದಿರುವ ಅತಿ ಹಳೆಯ ವಿಮಾ ಕರಾರುಗಳಲ್ಲಿ ಒಂದಾದ 1347ರ ಜಿನೋವಾ ಪತ್ರವನ್ನು ಬರೆದಿರುವುದೇ ಬಡ್ಡಿಯಿಲ್ಲದ ಸಾಲದ ವೇಷದಲ್ಲಿ. ವಿಮೆಗಾರ ಸಾಲ ಪಡೆದಂತೆ ನಟಿಸುತ್ತಾನೆ, ಹಡಗು ಕ್ಷೇಮವಾಗಿ ಸೇರಿದರೆ ಆ 'ಸಾಲ' ರದ್ದು.

ಇನ್ನೊಬ್ಬ ಪ್ರೊಟೆಸ್ಟೆಂಟ್ ನಾಯಕ ಕ್ಯಾಲ್ವಿನ್ 1545ರ ಪತ್ರವೊಂದರಲ್ಲಿ, ದುಡ್ಡು ಬಂಜೆ, ಅದು ದುಡ್ಡನ್ನು ಹೆರದು ಅನ್ನುವ ಹಳೇ ವಾದವನ್ನು ತಳ್ಳಿಹಾಕಿದ, ನಿಜ. ಜೊತೆಗೆ ಷರತ್ತುಗಳ ಪಟ್ಟಿಯನ್ನೂ ಕೊಟ್ಟ, ಮೊದಲನೆಯದೇ ಬಡವನಿಂದ ಬಡ್ಡಿ ಬೇಡ ಅಂತ. ಅಷ್ಟರೊಳಗೆ ಕಥೋಲಿಕ ಚಕ್ರವರ್ತಿ ಐದನೇ ಚಾರ್ಲ್ಸ್ 1540ರಲ್ಲೇ ನೆದರ್ಲೆಂಡ್ಸಿನ ವರ್ತಕರಿಗೆ 12% ತನಕ ಬಿಟ್ಟಾಗಿತ್ತು. ಇಂಗ್ಲೆಂಡು 1545ರಲ್ಲಿ 10% ಒಪ್ಪಿತು, 1552ರಲ್ಲಿ ಇನ್ನೂ ಕಟ್ಟಾ ಪ್ರೊಟೆಸ್ಟೆಂಟರು ಆಳುವಾಗ ಅದನ್ನು ರದ್ದು ಮಾಡಿತು, 1571ರಲ್ಲಿ ಮತ್ತೆ ತಂದಿತು. ಆ ಕಾನೂನಿನ ಜಾಣತನ ನೋಡಿ: ಬಡ್ಡಿಯೆಲ್ಲ ಪಾಪವೇ ಎಂದು ಮೊದಲು ಸಾರಿ, 10%ರೊಳಗೆ ತಿಂದವನು ಸಿಕ್ಕಿಬಿದ್ದರೆ ಬರೀ ಆ ಬಡ್ಡಿಯನ್ನಷ್ಟೇ ಕಳೆದುಕೊಳ್ಳುತ್ತಾನೆ ಅಂದಿತು. ಮುಂದೆ ಮಿತಿ 1624ರಲ್ಲಿ 8, 1651ರಲ್ಲಿ 6, 1714ರಲ್ಲಿ 5%. ಪೂರ್ತಿ ತೆಗೆದದ್ದು 1854ರಲ್ಲಿ.

ರೋಮ್ ಇನ್ನೂ ನಿಧಾನ. 1745ರಲ್ಲಿ ಹದಿನಾಲ್ಕನೇ ಬೆನೆಡಿಕ್ಟ್ ಪೋಪ್ ಹಳೇ ನಿಯಮವನ್ನೇ ಮತ್ತೆ ಹೇಳಿದ, ಜೊತೆಗೆ ಸಾಲದ ಹೊರಗಿನ ನ್ಯಾಯವಾದ ಕಾರಣಗಳಿಗೆ ಹೆಚ್ಚು ಪಡೆಯಬಹುದೆಂದೂ ಸೇರಿಸಿದ. 1917ರ ಧರ್ಮಶಾಸನ ಸಂಹಿತೆ ಕಾನೂನುಬದ್ಧ ದರದ ಬಡ್ಡಿಯನ್ನು ಒಪ್ಪಿತು. ಹಳೇ ನಿಯಮವನ್ನು ಹಿಂತೆಗೆದುಕೊಂಡೆವು ಅಂತ ಮಾತ್ರ ಎಲ್ಲೂ ಹೇಳಿಲ್ಲ.


ಅಂಚೆಪೆಟ್ಟಿಗೆ:

ಎಲ್ಲರಿಗೂ ಧನ್ಯವಾದ. ಕೊನೇ ಪ್ರಶ್ನೆ, ಸ್ವಲ್ಪ ತಮಾಷೆಯದು. ಬೆಂಗಳೂರಿನಲ್ಲಿ ಮನೆ 'ಭೋಗ್ಯಕ್ಕೆ' ಹಾಕುತ್ತಾರಲ್ಲ, ಲಕ್ಷಗಟ್ಟಲೆ ಕೊಟ್ಟು ಬಾಡಿಗೆ ಇಲ್ಲದೆ ಇದ್ದು, ಖಾಲಿ ಮಾಡುವಾಗ ಪೂರ್ತಿ ದುಡ್ಡು ವಾಪಸ್. ಅದು ಆ ಶಾಸ್ತ್ರದ ಪ್ರಕಾರ ಏನು?


ಕಡತದಹುಳ:

ತಮಾಷೆ ಏನಿಲ್ಲ, ಇದರ ಮೇಲೇ 1163ರಲ್ಲಿ ಟೂರ್ ಪಟ್ಟಣದ ಪರಿಷತ್ತು ತೀರ್ಮಾನ ಕೊಟ್ಟಿದೆ. ಆಗ ಮಠಗಳು ಜಮೀನು ಒತ್ತೆಯಿಟ್ಟುಕೊಂಡು ಸಾಲ ಕೊಡುತ್ತಿದ್ದವು. ಫಸಲು ಮಠಕ್ಕೆ, ಅಸಲು ಹಾಗೇ. ಅಂದರೆ ಭೋಗ್ಯ. ಫಸಲು ಅಸಲಿಗೆ ವಜಾ ಆಗದ್ದರಿಂದ ಇದು 'ಸತ್ತ ಒತ್ತೆ', ಇಂಗ್ಲಿಷಿನ ಮಾರ್ಟ್‌ಗೇಜ್ ಪದದ ಮೂಲ ಇದೇ. ವಜಾ ಆಗುತ್ತಾ ಬಂದರೆ 'ಜೀವಂತ ಒತ್ತೆ'. ಪರಿಷತ್ತು ಹೇಳಿದ್ದು: ಪಾದ್ರಿ, ಸನ್ಯಾಸಿಗಳು ಪಡೆದ ಫಸಲೆಲ್ಲ, ಖರ್ಚು ಕಳೆದು, ಅಸಲಿಗೆ ಜಮೆಯಾಗಬೇಕು, ಅಸಲು ತೀರಿದ ಕೂಡಲೇ ಜಮೀನು ವಾಪಸ್. ಸುಮಾರು 1187ರ ಹೊತ್ತಿಗೆ ಬರೆದ, ಗ್ಲಾನ್ವಿಲ್ ಹೆಸರಿನಲ್ಲಿರುವ ಇಂಗ್ಲಿಷ್ ಕಾನೂನು ಗ್ರಂಥವೂ ಸತ್ತ ಒತ್ತೆ ಪಾಪ ಅನ್ನುತ್ತದೆ, ಆದರೆ ರಾಜನ ನ್ಯಾಯಾಲಯ ಅದನ್ನು ತಡೆಯುವುದಿಲ್ಲ ಅಂತಲೂ ಹೇಳುತ್ತದೆ. ಒತ್ತೆ ಹಿಡಿದವನು ಹಾಗೇ ಸತ್ತರೆ ಅವನ ಆಸ್ತಿಗೆ ಬಡ್ಡಿಕೋರನ ಆಸ್ತಿಯ ಗತಿ.

ನಿಮ್ಮ ಮನೆಯ ಲೆಕ್ಕ: 10 ಲಕ್ಷ ಕೊಟ್ಟಿದ್ದೀರಿ, ಆ ಮನೆಗೆ ತಿಂಗಳಿಗೆ 12,000 ಬಾಡಿಗೆ ಬರುತ್ತದೆ ಅಂತಿಟ್ಟುಕೊಳ್ಳಿ. ಮೂರು ವರ್ಷಕ್ಕೆ 4,32,000. ಟೂರ್ ನಿಯಮದಂತೆ ಖಾಲಿ ಮಾಡುವಾಗ ನಿಮಗೆ ಸಿಗುವುದು 5,68,000. ಬಣ್ಣ, ಪೈಪು ರಿಪೇರಿಗೆ ನೀವು ಹಾಕಿದ್ದರೆ ಅದನ್ನು ಸೇರಿಸಿಕೊಳ್ಳಬಹುದು, ರಸೀದಿ ಇಟ್ಟುಕೊಂಡಿರಿ.